ಕಂದು ಪಂಪು, ಬೆಳಗಿನ ಸಾಧಕ

ನನ್ನ ಮಗಳಿಗೆ ಉಬ್ಬಸ ಶುರುವಾದದ್ದು ಅವಳ ಏಳನೆಯ ವಯಸ್ಸಿನಲ್ಲಿ, ತೊಂಬತ್ತರ ದಶಕದ ಆರಂಭದಲ್ಲಿ. ಆಗ ನಾನು ಹೊಳೆನರಸೀಪುರದ ಒಂದು ಶಾಲೆಯಲ್ಲಿ ಮುಖ್ಯೋಪಾಧ್ಯಾಯಿನಿಯಾಗಿದ್ದೆ. ನಮ್ಮ ಮನೆಯವರಿಗೆ ಚನ್ನರಾಯಪಟ್ಟಣದಲ್ಲಿ ಕೆಲಸ. ಶನಿವಾರ ಸಂಜೆ ಬಂದು ಸೋಮವಾರ ಬೆಳಗಿನ ಬಸ್ಸಿಗೆ ಹೋಗುತ್ತಿದ್ದರು. ಹಾಗಾಗಿ ಮನೆಯ ಏರ್ಪಾಡೆಲ್ಲ ನನ್ನದೇ. ಎಷ್ಟು ಹೊತ್ತಿಗೆ ಏಳಬೇಕು, ಎಷ್ಟು ಹೊತ್ತಿಗೆ ಓದಬೇಕು ಎಂದು ನಮ್ಮ ಮನೆಯಲ್ಲಿ ಯಾರೂ ಕೇಳುತ್ತಿರಲಿಲ್ಲ. ಎಲ್ಲಕ್ಕೂ ಗೊತ್ತಾದ ಹೊತ್ತಿತ್ತು.

ಆ ದಿನಗಳಲ್ಲಿ ಉಬ್ಬಸಕ್ಕೆ ನಮಗೆ ಗೊತ್ತಿದ್ದ ಚಿಕಿತ್ಸೆ ಎಂದರೆ ಇಂಜೆಕ್ಷನ್. ಚಳಿಗಾಲದಲ್ಲಿ ಎದೆ ಸುಯ್ಗುಡತೊಡಗಿದರೆ ಮಗುವನ್ನು ಪೇಟೆಯ ವೈದ್ಯರ ಹತ್ತಿರ ಕರೆದೊಯ್ಯುವುದು, ಸೂಜಿ ಹಾಕಿಸುವುದು, ಒಂದು ವಾರ ಮಾತ್ರೆ ನುಂಗಿಸುವುದು. ಮಾತ್ರೆ ನುಂಗಿದ ದಿನ ಅವಳ ಬೆರಳು ನಡುಗುತ್ತಿತ್ತು, ಅಕ್ಷರ ಸೊಟ್ಟಗಾಗುತ್ತಿತ್ತು. ಮತ್ತೆ ಎರಡು ತಿಂಗಳಿಗೆ ಅದೇ ಪಾಡು. ದೊಡ್ಡವಳಾದರೆ ತಾನಾಗಿ ಹೋಗುತ್ತದೆ ಎಂದು ಎಲ್ಲರೂ ಹೇಳಿದರು. ಹೋಗಲಿಲ್ಲ.

ನನ್ನ ತವರು ರುದ್ರಪಟ್ಟಣ. ಆ ಊರಿನಲ್ಲಿ ಹುಟ್ಟಿದವರಿಗೆ ಸಂಗೀತ ಬಾರದಿದ್ದರೆ ಅದಕ್ಕೆ ಕಾರಣ ಹೇಳಬೇಕಾಗುತ್ತದೆ. ನಾನು ನನ್ನ ತಾತನ ಹತ್ತಿರ ಕಲಿತೆ. ಅವರ ಪಾಠಕ್ಕೆ ಕಟ್ಟಳೆಗಳಿದ್ದವು. ಬೆಳಗಿನ ಐದಕ್ಕೆ ತಂಬೂರಿ ಶ್ರುತಿಯಾಗಿರಬೇಕು. ಹಲ್ಲುಜ್ಜಿ ಬಂದು ಸಾಧಕಕ್ಕೆ, ಅಂದರೆ ಹಾಡಿನ ಅಭ್ಯಾಸಕ್ಕೆ, ಕೂತ ಮೇಲೆ, ಅದು ಮುಗಿದು ಅರ್ಧ ಗಂಟೆಯಾಗುವ ತನಕ ಗಂಟಲಿಗೆ ನೀರು ತಾಕಿಸಬಾರದು. ಕಾದ ಕಂಠಕ್ಕೆ ನೀರು ಬಿದ್ದರೆ ಶಾರೀರ ಒಡೆಯುತ್ತದೆ ಎಂದು ಅವರು ನಂಬಿದ್ದರು. ನಾನು ಏಕೆಂದು ಕೇಳಲಿಲ್ಲ. ನನ್ನ ಮಗಳಿಗೆ ನಾನು ಅದೇ ಕಟ್ಟಳೆಯಲ್ಲಿ ಕಲಿಸಿದೆ. ಅವಳೂ ಕೇಳಲಿಲ್ಲ.

ಅವಳದು ಒಳ್ಳೆಯ ಶಾರೀರ. ತಾಯಿಯಾದ್ದರಿಂದ ಹೇಳುತ್ತಿಲ್ಲ, ತಾಯಿಯಾಗಿ ನಾನು ಹೊಗಳಿದ್ದೇ ಕಡಿಮೆ. ಆದರೆ ಉಸಿರು ಸಾಲುತ್ತಿರಲಿಲ್ಲ. ಸಾಲಿನ ನಡುವೆ, ನಿಲ್ಲಿಸಬಾರದ ಜಾಗದಲ್ಲಿ ಉಸಿರು ತೆಗೆದುಕೊಳ್ಳುತ್ತಿದ್ದಳು. ಹದಿನೆಂಟು ತುಂಬಿ ಕಾಲೇಜಿಗೆ ಹೋಗುವಾಗ, ಪರಿಚಯದವರೊಬ್ಬರ ಮಾತಿನ ಮೇಲೆ ಹಾಸನದಲ್ಲಿ ಎದೆ ರೋಗದ ವೈದ್ಯರಿಗೆ ತೋರಿಸಿದೆ. ಅವರು ಉಸಿರಿನ ಜೊತೆ ಔಷಧ ಎಳೆದುಕೊಳ್ಳುವ ಎರಡು ಪಂಪು ಬರೆದುಕೊಟ್ಟರು, ಒಂದು ನೀಲಿ, ಒಂದು ಕಂದು.

"ನೀಲಿ ಉಸಿರು ಕಟ್ಟಿದಾಗ ಮಾತ್ರ" ಎಂದರು ವೈದ್ಯರು. "ಕಂದು ದಿನಾ ಎರಡು ಹೊತ್ತು, ಎರಡೆರಡು ಸಲ. ಉಸಿರು ಚೆನ್ನಾಗಿದ್ದರೂ ಎಳೀಬೇಕು. ಇದು ತಕ್ಷಣ ಗೊತ್ತಾಗಲ್ಲ. ಒಳಗಿನ ಊತ ನಿಧಾನವಾಗಿ ಇಳಿಸುತ್ತೆ."

"ಇದು ಸ್ಟೀರಾಯ್ಡೇ?" ಎಂದು ಕೇಳಿದೆ. ಆ ಹೆಸರು ಕೇಳಿದರೆ ಎಲ್ಲರಿಗೂ ಭಯ.

"ಹೌದಮ್ಮ. ಆದರೆ ಬಹಳ ಸಣ್ಣ ಪ್ರಮಾಣ. ನೇರ ಶ್ವಾಸಕೋಶಕ್ಕೆ ಹೋಗುತ್ತೆ. ಹೇಗೆ ಎಳೆಯೋದು ಅಂತ ಸಿಸ್ಟರ್ ತೋರಿಸಿಕೊಡ್ತಾರೆ."

ಮಗಳನ್ನು ಸಿಸ್ಟರ್ ಜೊತೆ ಬಿಟ್ಟು ನಾನು ಔಷಧಿ ಅಂಗಡಿಗೆ ಹೋದೆ. ಮೂರು ಗಂಟೆಯ ಬಸ್ಸು ಹಿಡಿಯಬೇಕಿತ್ತು. ಅವಳು ಹೊರಗೆ ಬಂದವಳೇ, "ಅಮ್ಮ, ಸಿಸ್ಟರ್ ಒಂದು ವಿಷಯ ಹೇಳಿದ್ರು" ಎಂದಳು. "ಬಸ್ಸಲ್ಲಿ ಹೇಳು, ನಡಿ" ಎಂದೆ. ಬಸ್ಸಿನಲ್ಲಿ ಇಬ್ಬರಿಗೂ ಬೇರೆ ಬೇರೆ ಕಡೆ ಸೀಟು ಸಿಕ್ಕಿತು. ಮನೆಗೆ ಬಂದ ಮೇಲೆ ನಾನು ಕೇಳಲಿಲ್ಲ. ಅವಳು ಹೇಳಲಿಲ್ಲ.

ಆ ರಾತ್ರಿಯೇ ನಾನು ಹೊಸ ವೇಳಾಪಟ್ಟಿ ಬರೆದು ದೇವರ ಮನೆಯ ಬಾಗಿಲ ಪಕ್ಕ ಅಂಟಿಸಿದೆ. ನಾಲ್ಕೂ ನಲವತ್ತಕ್ಕೆ ಏಳುವುದು, ಹಲ್ಲುಜ್ಜುವುದು, ಐದಕ್ಕೆ ಎರಡು ನಿಮಿಷವಿರುವಾಗ ಕಂದು ಪಂಪು, ಐದಕ್ಕೆ ಸಾಧಕ. ಸಂಜೆಯೂ ಹಾಗೆಯೇ, ಆರರ ಸಾಧಕಕ್ಕೆ ಸ್ವಲ್ಪ ಮುಂಚೆ. ಹಾಡುವ ಮೊದಲೇ ಎದೆ ತೆರೆದುಕೊಳ್ಳಲಿ ಎಂದು ಯೋಚಿಸಿ ಆ ಹೊತ್ತುಗಳನ್ನು ಗೊತ್ತುಮಾಡಿದ್ದೆ. ವೈದ್ಯರು ಹಾಗೆ ಹೇಳಿರಲಿಲ್ಲ. ಅದು ನನ್ನದೇ ಬುದ್ಧಿ.

ಔಷಧ ಕೆಲಸ ಮಾಡಿತು, ಅದನ್ನು ಮೊದಲು ಹೇಳಬೇಕು. ಆ ಮಳೆಗಾಲ ಒಂದು ಇಂಜೆಕ್ಷನ್ ಕೂಡ ಬೇಕಾಗಲಿಲ್ಲ. ಉಸಿರು ಉದ್ದವಾಯಿತು. ಒಂದು ಸಾಲನ್ನು ತುಂಡು ಮಾಡದೆ ಮುಗಿಸಿದ ದಿನ ಅವಳು ತಂಬೂರಿ ನಿಲ್ಲಿಸಿ ನನ್ನ ಮುಖ ನೋಡಿದಳು. ನಾನು "ಮುಂದಿನದು" ಎಂದೆ.

ಐದಾರು ತಿಂಗಳಾದ ಮೇಲೆ ಶಾರೀರ ಕೆಡತೊಡಗಿತು. ಮೊದಲು ಬೆಳಗಿನ ಹೊತ್ತು ಸ್ವಲ್ಪ ಒರಟು. ಆಮೇಲೆ ದಿನವಿಡೀ. ತಾರ ಷಡ್ಜಕ್ಕೆ, ಮೇಲಿನ ಸ್ಥಾಯಿಯ 'ಸ'ಕ್ಕೆ, ಹೋದರೆ ಧ್ವನಿ ಎರಡಾಗಿ ಸೀಳಿ ಗಾಳಿ ಮಾತ್ರ ಬರುತ್ತಿತ್ತು. ನಮ್ಮ ಹಾಲಿನಾಕೆ, ಹತ್ತಿರದ ಹಳ್ಳಿಯಿಂದ ದಿನವೂ ಬರುತ್ತಿದ್ದವಳು, ಒಂದು ಬೆಳಿಗ್ಗೆ ಬಾಗಿಲಲ್ಲೇ ನಿಂತು ಕೇಳಿದಳು.

"ಅಮ್ಮಾರೆ, ನಿಮ್ಮಗಳ ದನಿ ಯಾಕೋ ಗಂಡಸ್ರಂಗೆ ಆಗೈತಲ್ಲಾ. ಸೀತವಾ?"

"ಶೀತ ಏನಿಲ್ಲ. ಹಾಲು ಹಾಕು."

"ಅಂಗಾದ್ರೆ ಆ ಪಂಪೇ ಕಣಮ್ಮ. ನಮ್ ಬಾವ ಅದ್ನ ಎಳ್ದೂ ಎಳ್ದೂ ಮೊಕ ಊದ್ಕಂಡು ಕುಂತವ್ನೆ."

"ನಿಮ್ಮ ಬಾವ ಕುಡಿಯೋದಿಲ್ವೇನೇ?"

"ಅದೂ ಐತೆ ಬುಡಿ" ಎಂದು ನಕ್ಕಳು. "ನಂಗ್ಯಾಕೆ ಬೈತೀರಿ? ನಾನೇನು ಡಾಕುಟ್ರಾ? ಮಾತ್ಗೆ ಅಂದೆ."

ನಾನು ಬಾಗಿಲು ಹಾಕಿಕೊಂಡು ಬಂದು ಮಗಳನ್ನು ಕಿಟಕಿಯ ಹತ್ತಿರ ನಿಲ್ಲಿಸಿ ಬಾಯಿ ತೆಗೆಸಿದೆ. ನಾಲಿಗೆಯ ಹಿಂದೆ, ಗಂಟಲ ಗೋಡೆಯ ಮೇಲೆ, ಮೊಸರಿನ ಚೂರು ಅಂಟಿದ ಹಾಗೆ ಬಿಳಿ ಮಚ್ಚೆಗಳಿದ್ದವು. ಜ್ಯೇಷ್ಠಮಧು ಕೊಟ್ಟೆ, ಶುಂಠಿ ಕಷಾಯ ಕೊಟ್ಟೆ, ಮಾತು ಕಡಿಮೆ ಮಾಡಿಸಿದೆ. ಹೋಗಲಿಲ್ಲ.

ಅದೇ ಸಮಯಕ್ಕೆ ರುದ್ರಪಟ್ಟಣದಿಂದ ಕರೆ ಬಂತು. ವರ್ಷಕ್ಕೊಮ್ಮೆ ನಡೆಯುವ ಸಂಗೀತೋತ್ಸವದಲ್ಲಿ ಊರಿನ ಮನೆತನಗಳ ಹುಡುಗ ಹುಡುಗಿಯರಿಗೂ ಹಾಡಲು ಅವಕಾಶ, ನಿಮ್ಮ ಮಗಳಿಗೆ ಅರ್ಧ ಗಂಟೆ, ಎಂದರು. ಇನ್ನೂ ಹಲವು ತಿಂಗಳಿತ್ತು. ನನ್ನ ತಾತನ ಊರಿನಲ್ಲಿ, ತಿಳಿದವರೇ ತುಂಬಿರುವ ಸಭೆಯಲ್ಲಿ ಅರ್ಧ ಗಂಟೆ. ನನಗೆ ಅಂಥದ್ದು ಎಂದೂ ಸಿಕ್ಕಿರಲಿಲ್ಲ.

ಆ ಭಾನುವಾರ ನಾನು ಕಂದು ಪಂಪನ್ನು ತೆಗೆದು ಬೀರುವಿನಲ್ಲಿಟ್ಟು ಬೀಗ ಹಾಕಿದೆ.

"ಉತ್ಸವ ಆಗೋ ತನಕ ಇದು ಬೇಡ" ಎಂದೆ. "ನೀಲಿ ಇರಲಿ. ಬೇಕಾದಾಗ ಎಳೆದುಕೋ."

ಮಗಳು, "ನಿಲ್ಲಿಸಬಹುದಾ ಅಮ್ಮ?" ಎಂದು ಮಾತ್ರ ಕೇಳಿದಳು.

ಮನೆಯವರು ಪೇಪರ್ ಕೆಳಗಿಟ್ಟರು. "ಡಾಕ್ಟರನ್ನ ಒಂದು ಮಾತು ಕೇಳಿದ್ಯಾ?"

"ಹಾಡೋ ಗಂಟಲಿನ ವಿಷಯ ಅವರಿಗೇನು ಗೊತ್ತು? ಗಂಟಲು ಅವರದಲ್ಲ."

"ನಿನ್ನದೂ ಅಲ್ವಲ್ಲೇ" ಎಂದರು. ಆದರೆ ಅಲ್ಲಿಗೇ ಬಿಟ್ಟರು. ನಮ್ಮ ಮನೆಯಲ್ಲಿ ನಾನು ಬೀಗ ಹಾಕಿದ್ದನ್ನು ಯಾರೂ ತೆಗೆಯುತ್ತಿರಲಿಲ್ಲ.

ಮೂರು ವಾರದಲ್ಲಿ ಬಿಳಿ ಮಚ್ಚೆ ಮಾಯವಾಯಿತು. ಶಾರೀರ ತಿಳಿಯಾಯಿತು. ತಾರ ಷಡ್ಜ ಮತ್ತೆ ಗಟ್ಟಿಯಾಗಿ ನಿಂತಿತು. ನಾನು ಸರಿಯಾದ ತೀರ್ಮಾನ ಮಾಡಿದೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೆ? ಶಾಲೆಯಲ್ಲಿ ಸಹೋದ್ಯೋಗಿಗಳ ಮುಂದೆ ಹೇಳಿಕೊಂಡೆ ಕೂಡ. ಆ ಔಷಧದ ಗುಣ ನಿಧಾನವಾಗಿ ಬಂದ ಹಾಗೆಯೇ ನಿಧಾನವಾಗಿ ಹೋಗುತ್ತದೆ, ಮೊದಲ ವಾರಗಳಲ್ಲಿ ಏನೂ ತಿಳಿಯುವುದಿಲ್ಲ ಎಂಬುದು ನನಗೆ ಗೊತ್ತಿರಲಿಲ್ಲ. ಹಾಲಿನಾಕೆ ಒಂದು ದಿನ ತಪ್ಪಲೆಗೆ ಹಾಲು ಅಳೆಯುತ್ತಾ ದನಿ ತಗ್ಗಿಸಿ, "ಅಮ್ಮಾರೆ, ನಿಮ್ಮಗ್ಳು ಹಿತ್ಲಾಗೆ ಒಗೆಯೋ ಕಲ್ಲತ್ರ ನಿಂತ್ಕಂಡು ಆ ನೀಲಿದ ಎಳೀತಿತ್ತು. ನೆನ್ನೇನೂ ನೋಡ್ದೆ, ಮೊನ್ನೇನೂ ನೋಡ್ದೆ" ಎಂದಳು. ಮಗಳನ್ನು ಕೇಳಿದೆ. "ಧೂಳಿಗೆ ಅಷ್ಟೆ ಅಮ್ಮ" ಎಂದಳು. ಎಷ್ಟು ಸಲ ಎಂದು ನಾನು ಕೇಳಬೇಕಿತ್ತು. ಮಕ್ಕಳ ಹಾಜರಿಯನ್ನು ದಿನಕ್ಕೆರಡು ಸಲ ತೆಗೆಯುತ್ತಿದ್ದವಳು ನಾನು.

ಸಂಕ್ರಾಂತಿ ಕಳೆದ ವಾರ. ರುದ್ರಪಟ್ಟಣದಲ್ಲಿ ನಮ್ಮ ಸಂಬಂಧಿಕರಾದ ವಯಸ್ಸಾದ ಪಿಟೀಲು ವಿದ್ವಾಂಸರೊಬ್ಬರು ಒಂದು ಸಲ ಜೊತೆಗೆ ನುಡಿಸಿ ನೋಡೋಣ ಎಂದಿದ್ದರು. ಬೆಳಿಗ್ಗೆ ಹತ್ತರ ಬಸ್ಸಿಗೆ ಅರಕಲಗೂಡಿನ ಕಡೆ ಹೊರಟೆವು. ಅದು ಒಕ್ಕಣೆಯ ಕಾಲ. ದಾರಿಯುದ್ದಕ್ಕೂ ರೈತರು ರಾಗಿ ತೆನೆ, ಹುರುಳಿ ಗಿಡವನ್ನು ಟಾರು ರಸ್ತೆಯ ಮೇಲೆ ಹರಡಿದ್ದರು. ಬಸ್ಸು ಲಾರಿಗಳ ಚಕ್ರವೇ ಅವರಿಗೆ ಕಾಳು ಉದುರಿಸುವ ರೋಣಗಲ್ಲು. ಬಸ್ಸು ಅದರ ಮೇಲೆ ಹಾದಾಗಲೆಲ್ಲ ಹೊಟ್ಟು, ಧೂಳು ಎದ್ದು ಕಿಟಕಿಗಳಿಂದ ಒಳಗೆ ಬರುತ್ತಿತ್ತು.

ಮೂರನೆಯ ಕಣ ದಾಟುವ ಹೊತ್ತಿಗೆ ಮಗಳು ನೀಲಿ ಪಂಪು ತೆಗೆದು ಎಳೆದಳು. ಸ್ವಲ್ಪ ಹೊತ್ತಿಗೆ ಮತ್ತೆ ಎಳೆದಳು. ಮತ್ತೆ. ಮುಂದಿನ ಸೀಟಿನ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದು ಭುಜ ಎತ್ತಿ ಕೂತಳು. "ನೀರು ಕುಡೀತೀಯಾ?" ಎಂದೆ. ಉತ್ತರ ಕೊಡಲು ಬಾಯಿ ತೆರೆದಳು. "ಅ" ಎಂದು ಉಸಿರು ಎಳೆದುಕೊಂಡು, ಇನ್ನೊಂದು ಉಸಿರಿಗೆ "ಮ್ಮ" ಎಂದಳು. ಎರಡಕ್ಷರದ ಮಾತಿಗೆ ಎರಡು ಉಸಿರು. ಕುತ್ತಿಗೆಯ ಬುಡದಲ್ಲಿ ಪ್ರತಿ ಉಸಿರಿಗೂ ಗುಳಿ ಬೀಳುತ್ತಿತ್ತು. ತುಟಿಯ ಬಣ್ಣ ಬೇರೆಯಾಗಿತ್ತು.

ನಾನು ಎದ್ದು ಕೂಗಿದೆ. ಏನೆಂದು ಕೂಗಿದೆನೋ ನೆನಪಿಲ್ಲ.

"ಕಿಟ್ಕಿ ಮುಚ್ರಪ್ಪಾ, ದೂಳು ಬತ್ತೈತೆ!" ಎಂದ ಹಿಂದಿನ ಸೀಟಿನವನೊಬ್ಬ.

"ಮುಚ್ಬ್ಯಾಡಿ ಕಣ್ರೀ, ಉಸ್ರಿಗೆ ಗಾಳಿ ಬ್ಯಾಡ್ವಾ?" ಎಂದಳು ಪಕ್ಕದಲ್ಲಿ ಬುಟ್ಟಿ ಇಟ್ಟುಕೊಂಡಿದ್ದ ಹೆಂಗಸು. ಮಗಳನ್ನು ತನ್ನ ಕಡೆ ಒರಗಿಸಿಕೊಂಡು ಸೆರಗಿನಲ್ಲಿ ಗಾಳಿ ಬೀಸತೊಡಗಿದಳು. "ಮನಗಿಸ್ಬ್ಯಾಡಿ ಅವ್ವಾ, ಕೂತಂಗೇ ಇರ್ಲಿ. ನಮ್ಮತ್ತೆಗೂ ಇದೇ ಗೂರ್ಲು."

ಕಂಡಕ್ಟರ್ ಒಂದು ಸಲ ಬಗ್ಗಿ ನೋಡಿದ. ನೋಡಿದವನೇ ಡ್ರೈವರ್ ಕಡೆ ತಿರುಗಿ, "ಲೇ, ಎಲ್ಲೂ ನಿಲ್ಲಿಸ್ಬ್ಯಾಡ ಕಣ್ಲಾ! ಸೀದಾ ಆಸ್ಪತ್ರೆ ಬಾಗ್ಲಿಗೇ ವೋಡ್ಸು!" ಎಂದ. ದಾರಿಯಲ್ಲಿ ಇಳಿಯಬೇಕಿದ್ದವರು ಮೂರು ನಾಲ್ಕು ಮಂದಿ ಇದ್ದರು. ಒಬ್ಬರೂ ಗೊಣಗಲಿಲ್ಲ. ಬಸ್ಸು ಅರಕಲಗೂಡಿನ ನಿಲ್ದಾಣಕ್ಕೆ ಹೋಗದೆ ಆಸ್ಪತ್ರೆಯ ಮುಂದೆ ನಿಂತಿತು.

ಅಲ್ಲಿ ಆಮ್ಲಜನಕ ಹಾಕಿದರು, ಮುಖಕ್ಕೆ ಹೊಗೆಯಂಥ ಔಷಧ ಕೊಟ್ಟರು, ರಕ್ತನಾಳಕ್ಕೆ ಸೂಜಿ ಚುಚ್ಚಿದರು. ಸ್ವಲ್ಪ ಹಿಡಿತಕ್ಕೆ ಬಂದ ಮೇಲೆ ವ್ಯಾನಿನಲ್ಲಿ ಹಾಸನಕ್ಕೆ ಕಳಿಸಿದರು. ವ್ಯಾನಿನಲ್ಲಿ ನಾನು ಅವಳ ಉಸಿರನ್ನು ಎಣಿಸುತ್ತಿದ್ದೆ. ತಾಳ ಹಾಕಿ ಅಭ್ಯಾಸವಾದ ಕೈ, ತೊಡೆಯ ಮೇಲೆ ತಾನಾಗಿ ಬೀಳುತ್ತಿತ್ತು. ಲೆಕ್ಕ ತಪ್ಪುತ್ತಿತ್ತು.

ಹಾಸನದಲ್ಲಿ ಐದು ದಿನ ಇದ್ದೆವು. ಮೂರನೆಯ ದಿನ ಅವಳು ದಿಂಬಿಗೆ ಒರಗಿ ಕೂತು ಕಾಫಿ ಕುಡಿಯುವ ಹಾಗಾದಳು. ಮೊದಲು ನೋಡಿದ್ದ ಅದೇ ವೈದ್ಯರು ಬಂದು, ಹಾಸಿಗೆಯ ಪಕ್ಕದ ಸ್ಟೂಲಿನ ಮೇಲೆ ಕೂತರು.

"ಕಂದು ಪಂಪು ಯಾವಾಗ ನಿಲ್ಲಿಸಿದ್ರಿ?"

"ಎರಡು ತಿಂಗಳಾಯ್ತು ಡಾಕ್ಟ್ರೇ."

"ಯಾರು ನಿಲ್ಲಿಸಿದ್ದು?"

"ನಾನು." ಸುಳ್ಳು ಹೇಳುವ ಅಭ್ಯಾಸ ನನಗಿಲ್ಲ. ಶಾರೀರ ಕೆಟ್ಟದ್ದು, ಬಿಳಿ ಮಚ್ಚೆ, ಉತ್ಸವ, ಎಲ್ಲವನ್ನೂ ಹೇಳಿದೆ. ಅವರು ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು.

"ಯಾವ ಹೊತ್ತಿಗೆ ಎಳೀತಾ ಇದ್ಲು?"

"ಹಾಡೋದಕ್ಕೆ ಎರಡು ನಿಮಿಷ ಮುಂಚೆ."

"ಎಳೆದ ಮೇಲೆ ಗಂಟಲಿಗೆ ನೀರು ಹಾಕಿ ಗಳಗಳ ಮಾಡಿ ಉಗೀತಾ ಇದ್ಲಾ?"

ನಾನು ಏನೋ ಹೇಳಲು ಹೊರಟೆ. ಅಷ್ಟರಲ್ಲಿ ಮಗಳೇ ಮಾತಾಡಿದಳು. ಧ್ವನಿ ಬಹಳ ಸಣ್ಣಗಿತ್ತು.

"ಇಲ್ಲ ಸಾರ್. ಸಿಸ್ಟರ್ ಅವತ್ತೇ ಹೇಳಿದ್ರು. ಪ್ರತಿ ಸಲ ಬಾಯಿ ಮುಕ್ಕಳಿಸಬೇಕು, ಇಲ್ಲದಿದ್ರೆ ಗಂಟಲಲ್ಲಿ ಔಷಧಿ ಕೂತುಬಿಡುತ್ತೆ ಅಂತ. ನಮ್ಮನೇಲಿ ಸಾಧಕದ ಹೊತ್ತಲ್ಲಿ ನೀರು ಮುಟ್ಟೋ ಹಾಗಿಲ್ಲ."

"ಸಾಧಕ ಎಷ್ಟು ಹೊತ್ತು?"

"ಒಂದೂವರೆ ಗಂಟೆ. ಆಮೇಲೆ ಅರ್ಧ ಗಂಟೆ."

"ಅಂದ್ರೆ ಔಷಧಿ ಗಂಟಲಿಗೆ ಹಚ್ಚಿಕೊಂಡು ಅದರ ಮೇಲೆ ಎರಡು ಗಂಟೆ. ದಿನಕ್ಕೆ ಎರಡು ಸಲ." ವೈದ್ಯರು ನನ್ನ ಕಡೆ ನೋಡದೆ ಅವಳನ್ನೇ ಕೇಳಿದರು. "ಅಮ್ಮನಿಗೆ ಹೇಳಬಹುದಿತ್ತಲ್ಲಮ್ಮ?"

ಅವಳು ಕಾಫಿ ಲೋಟವನ್ನು ನೋಡುತ್ತಾ, "ನಮ್ಮಮ್ಮಂಗೆ ಹಾಗೆಲ್ಲ ಹೇಳಕ್ಕಾಗಲ್ಲ ಸಾರ್" ಎಂದಳು.

ದೂರು ಹೇಳುವ ಧ್ವನಿಯಾಗಿರಲಿಲ್ಲ ಅದು. ನಮ್ಮ ಬೀದಿಯಲ್ಲಿ ನಲ್ಲಿ ಬೆಳಿಗ್ಗೆ ಮಾತ್ರ ಬರುತ್ತದೆ ಎಂದು ಹೇಳುವ ಹಾಗೆ ಹೇಳಿದಳು. ನಾನು ಕಿಟಕಿಯ ಕಡೆ ತಿರುಗಿದೆ. ಇಪ್ಪತ್ತೆಂಟು ವರ್ಷ ಪಾಠ ಹೇಳಿದವಳು ನಾನು; ಮಕ್ಕಳು ಎದುರು ಮಾತಾಡದಿರುವುದನ್ನು ನನ್ನ ಗಳಿಕೆ ಎಂದುಕೊಂಡಿದ್ದೆ.

ಆಮೇಲೆ ವೈದ್ಯರು ನನಗೂ ಅವಳಿಗೂ ಸೇರಿಸಿ ಹೇಳಿದರು. ಪಂಪಿನ ಬಾಯಿಗೆ ಜೋಡಿಸುವ ಒಂದು ಪ್ಲಾಸ್ಟಿಕ್ ಕೊಳವೆ ತರಿಸಿದರು. ಸ್ಪೇಸರ್ ಎನ್ನುತ್ತಾರೆ. ಔಷಧ ಮೊದಲು ಅದರೊಳಗೆ ತುಂಬಿ, ಅಲ್ಲಿಂದ ನಿಧಾನವಾಗಿ ಉಸಿರಿನ ಜೊತೆ ಒಳಗೆ ಹೋಗುತ್ತದೆ. ಗಂಟಲಿಗೆ ಬಡಿಯುವುದು ಕಡಿಮೆ. ಹೊತ್ತನ್ನು ಬದಲಾಯಿಸಿದರು. ಸಾಧಕ ಮುಗಿಸಿ ಎಳೆಯುವುದು, ಗಳಗಳ ಮಾಡಿ ಉಗುಳುವುದು, ಆಮೇಲೆ ತಿಂಡಿ. ಮತ್ತೆ ಬಿಳಿ ಮಚ್ಚೆ ಬಂದರೆ ಅದಕ್ಕೆ ಬೇರೆ ಔಷಧವಿದೆ, ಬಂದು ತೋರಿಸಿ, ಪಂಪು ನಿಲ್ಲಿಸಬೇಡಿ ಎಂದರು. ನೀಲಿ ವಾರಕ್ಕೆ ಎರಡು ಸಲಕ್ಕಿಂತ ಹೆಚ್ಚು ಬೇಕಾದರೆ ಒಳಗೆ ಊತ ಏರುತ್ತಿದೆ ಎಂದರ್ಥ, ಆಗಲೂ ಬನ್ನಿ ಎಂದರು.

"ಜೀವನಪೂರ್ತಿ ಇದೇ ಪ್ರಮಾಣವೇ ಡಾಕ್ಟ್ರೇ?" ಎಂದೆ.

"ಮೂರು ತಿಂಗಳು ಚೆನ್ನಾಗಿದ್ರೆ ಕಡಿಮೆ ಮಾಡೋಣ. ಎಷ್ಟು ಕಮ್ಮಿಗೆ ಉಸಿರು ಹಿಡಿತದಲ್ಲಿ ಇರುತ್ತೋ ಅಷ್ಟೇ ಕೊಡೋದು. ಆದರೆ ಕಡಿಮೆ ಮಾಡೋದು ನಾನು, ನೀವಲ್ಲ." ಎದ್ದು ನಿಂತು ಇನ್ನೊಂದು ಮಾತು ಸೇರಿಸಿದರು. "ಸ್ಟೀರಾಯ್ಡ್ ಗಂಟಲು ಕೆಡಿಸ್ತು ಅಂತ ನಿಲ್ಲಿಸಿದ್ರಿ. ಈಗ ಈ ಐದು ದಿನಕ್ಕೆ ಕೊಡ್ತಾ ಇರೋದೂ ಅದೇ ಜಾತಿ ಔಷಧಿ, ಮೈಯೆಲ್ಲ ಸುತ್ತೋ ಅಂಥದ್ದು. ಪಂಪಲ್ಲಿ ಇಷ್ಟು ಹೋಗಬೇಕಾದ್ರೆ ಎಷ್ಟೋ ತಿಂಗಳು ಬೇಕು."

ಮನೆಗೆ ಬಂದ ದಿನ ಮಗಳು ಕೈ ಚಾಚಿ ಬೀರುವಿನ ಬೀಗದ ಕೈ ಕೇಳಿದಳು. ಕೊಟ್ಟೆ. ಪಂಪು ತೆಗೆದುಕೊಂಡು ತನ್ನ ಕಾಲೇಜು ಬ್ಯಾಗಿನಲ್ಲಿಟ್ಟುಕೊಂಡಳು. ಬೀಗದ ಕೈಯನ್ನು ಮೇಜಿನ ಮೇಲಿಟ್ಟು, "ಈ ವರ್ಷ ನಾನು ಹಾಡಲ್ಲಮ್ಮ" ಎಂದಳು.

"ಇನ್ನೂ ತಿಂಗಳುಗಳಿವೆ. ಡಾಕ್ಟ್ರು ಬೇಡ ಅಂದಿಲ್ಲ."

"ನಾನು ಬೇಡ ಅಂತಿದೀನಿ."

ಅವಳು ನನಗೆ ಎದುರಾಡಿದ್ದು ಅದೇ ಮೊದಲು. ಆ ಭಾನುವಾರ ನಾನೇ ರುದ್ರಪಟ್ಟಣಕ್ಕೆ ಫೋನ್ ಮಾಡಿದೆ. ಆರೋಗ್ಯ ಸರಿಯಿಲ್ಲ ಎಂದೆ. "ಗಂಟಲೇ?" ಎಂದು ಕೇಳಿದರು. "ಅಲ್ಲ, ನನ್ನ ತಪ್ಪು" ಎಂದುಬಿಟ್ಟೆ. ಆ ಕಡೆಯವರಿಗೆ ಅರ್ಥವಾಗಲಿಲ್ಲ. ವಿವರಿಸದೆ ಫೋನ್ ಇಟ್ಟೆ.

ಮೂರು ತಿಂಗಳಿಗೆ ಔಷಧ ಅರ್ಧಕ್ಕಿಳಿಯಿತು. ಹಾಸನಕ್ಕೆ ನಾನೂ ಹೋಗಿದ್ದೆ, ಆದರೆ ಒಳಗೆ ಅವಳೊಬ್ಬಳೇ ಹೋದಳು. ಶಾರೀರದ ಒರಟು ಪೂರ್ತಿ ಹೋಯಿತೇ? ಹೆಚ್ಚುಕಡಿಮೆ ಹೋಯಿತು. ನನಗೆ ಖಚಿತವಾಗಿ ಗೊತ್ತಿಲ್ಲ, ಏಕೆಂದರೆ ಅವಳು ನನ್ನೆದುರು ಸಾಧಕಕ್ಕೆ ಕೂರುವುದನ್ನು ನಿಲ್ಲಿಸಿದಳು. ಜಗಳವಾಡಲಿಲ್ಲ. ಓದು ಮುಗಿಸಿ, ಚನ್ನರಾಯಪಟ್ಟಣದ ಒಂದು ಶಾಲೆಯಲ್ಲಿ ಕೆಲಸ ಹಿಡಿದು, ಅಲ್ಲಿ ಅಪ್ಪನ ಬಾಡಿಗೆ ಮನೆಯಲ್ಲೇ ಇದ್ದುಬಿಟ್ಟಳು. ಶನಿವಾರ ಇಬ್ಬರೂ ಒಟ್ಟಿಗೆ ಬರುತ್ತಿದ್ದರು. "ಅಲ್ಲಿ ಹಾಡ್ತಾಳೇನ್ರೀ?" ಎಂದು ಒಮ್ಮೆ ಮನೆಯವರನ್ನು ಕೇಳಿದೆ. "ಹಾಡ್ತಾಳೆ. ನಾನು ಟಿವಿ ಸಣ್ಣ ಮಾಡ್ಕೋತೀನಿ" ಎಂದರು.

ಅವಳು ಕೆಲಸಕ್ಕೆ ಸೇರಿ ಎರಡು ವರ್ಷ ಕಳೆದ ಮೇಲೆ ಉತ್ಸವದವರು ಮತ್ತೆ ಕರೆದರು. ಈ ಸಲ ನೇರ ಅವಳನ್ನೇ. ಒಂದು ಶನಿವಾರ ಊಟಕ್ಕೆ ಕೂತಾಗ ಹೇಳಿದಳು. ಅರ್ಧ ಗಂಟೆ, ಸಂಜೆ ಐದಕ್ಕೆ. ನಾನು ಬಡಿಸುತ್ತಿದ್ದ ಸೌಟು ಹಿಡಿದೇ ನಿಂತೆ.

"ಯಾವ ಸೀರೆ ಉಡ್ತೀಯಾ?" ಎಂದೆ.

"ಅಮ್ಮ," ಎಂದಳು, "ನೀನು ಬರಬೇಡ. ಬೇಜಾರು ಮಾಡ್ಕೋಬೇಡ. ನೀನು ಎದುರಿಗೆ ಕೂತ್ರೆ ನಂಗೆ ಬಾಯಿ ಒಣಗುತ್ತೆ. ನೀರು ಬೇಕು ಅಂತ ಕೇಳಕ್ಕೂ ಆಗಲ್ಲ."

ಮನೆಯವರು ತಟ್ಟೆಯಿಂದ ತಲೆ ಎತ್ತಲಿಲ್ಲ. ನಾನು ಸಾರು ಬಡಿಸಿದೆ.

ಆ ದಿನ ಅಪ್ಪ ಮಗಳು ರುದ್ರಪಟ್ಟಣಕ್ಕೆ ಹೋದರು. ನಾನು ಹೊಳೆನರಸೀಪುರದ ಮನೆಯಲ್ಲೇ ಉಳಿದೆ. ಐದಾಯಿತು. ಐದೂವರೆಯಾಯಿತು. ಮಾಡಲು ಕೆಲಸವಿರಲಿಲ್ಲ. ಫೋನ್ ಮಾಡಿದಾಗ ಅವಳನ್ನು ಏನು ಕೇಳಬೇಕೆಂದು ಮನಸ್ಸಿನಲ್ಲಿ ಅಣಿ ಮಾಡಿಕೊಂಡೆ. ಮೊದಲು ಉಸಿರಿನ ವಿಷಯ ಕೇಳಬೇಕು. ಎದೆ ಹಗುರವಾಗಿತ್ತೇ, ದಣಿವಾಯಿತೇ, ಅಲ್ಲಿ ಧೂಳಿತ್ತೇ. ಅಷ್ಟು ಕೇಳಿ ಸುಮ್ಮನಿರಬೇಕು. ಎರಡು ಮೂರು ಸಲ ಹಾಗೆ ಹೇಳಿಕೊಂಡೆ.

ಆರಕ್ಕೆ ಫೋನ್ ಬಂತು. ಹಿನ್ನೆಲೆಯಲ್ಲಿ ಯಾರೋ ಮೃದಂಗಕ್ಕೆ ಶ್ರುತಿ ಮಾಡುತ್ತಿದ್ದರು.

"ಆಯ್ತಮ್ಮ" ಎಂದಳು. "ಚೆನ್ನಾಗಾಯ್ತು ಅಂದ್ರು ಎಲ್ಲಾರೂ."

"ತಾರ ಷಡ್ಜ ನಿಂತಿತಾ?" ಎಂದೆ.

ಬಾಯಿಂದ ಹೊರಟ ಮೇಲೆ ಹಿಂದಕ್ಕೆ ತೆಗೆದುಕೊಳ್ಳುವುದು ಹೇಗೆ? ಆ ಕಡೆಯಿಂದ ಅವಳು ಉಸಿರಾಡುವುದು ಮಾತ್ರ ಕೇಳುತ್ತಿತ್ತು, ಸರಾಗವಾಗಿ.

"ನಿಂತಿತಮ್ಮ" ಎಂದು ಹೇಳಿ ಫೋನ್ ಇಟ್ಟಳು.